ಓದಲು, ಬರೆಯಲು ಟೇಬಲ್ ಲ್ಯಾಂಪ್ ಕೊಳ್ಳುವಿರಾ? ಬಲ್ಬಿಗಿಂತ ಮೊದಲು ತೋಳು ನೋಡಿ

ನಾನು ಕೊಂಡ ಮೊದಲ ಟೇಬಲ್ ಲ್ಯಾಂಪಿಗೆ ಒಂದು ಚಾಳಿ ಇತ್ತು. ತಲೆ ಎತ್ತಿ ನಿಲ್ಲಿಸಿದರೆ ಹತ್ತು ನಿಮಿಷ ನೆಟ್ಟಗಿರುತ್ತಿತ್ತು. ಆಮೇಲೆ ನಿಧಾನಕ್ಕೆ ತೂಕಡಿಸಿ ಪುಸ್ತಕದ ಮೇಲೆ ಬಾಗುತ್ತಿತ್ತು. ನನಗೆ ನಿದ್ದೆ ಬರುವ ಮೊದಲೇ ಅದಕ್ಕೆ ಬರುತ್ತಿತ್ತು. ಬೆಳಕಿಗೇನೂ ಕೊರತೆ ಇರಲಿಲ್ಲ. ಡಬ್ಬದ ಮೇಲೆ ಬರೆದ ವ್ಯಾಟ್, ಲುಮೆನ್ (ಬಲ್ಬ್ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಲ್ಲ ಸರಿಯೇ ಇತ್ತು. ಕೆಟ್ಟಿದ್ದು ಕೀಲು. ನಾನು ಕೊಳ್ಳುವಾಗ ಕೀಲನ್ನು ಮುಟ್ಟಿಯೂ ನೋಡಿರಲಿಲ್ಲ.

ಕೋಣೆಯ ದೀಪ ಇಡೀ ಕೋಣೆಗೆ. ಕೆಲಸದ ದೀಪ ಒಂದು ಅಂಗೈಯಗಲ ಜಾಗಕ್ಕೆ: ಓದುವ ಪುಟ, ಹೊಲಿಯುವ ಬಟ್ಟೆ, ಬಿಚ್ಚಿಟ್ಟ ಗಡಿಯಾರ. ಆ ಜಾಗಕ್ಕೆ ಬೆಳಕು ಬೀಳಬೇಕು, ಕಣ್ಣಿಗೆ ಬೀಳಬಾರದು, ಇಟ್ಟ ಕಡೆ ನಿಲ್ಲಬೇಕು. ಇಷ್ಟೇ ಕೆಲಸ. ಆದರೆ ಅಂಗಡಿಯಲ್ಲಿ ಎಲ್ಲರೂ ಬಲ್ಬಿನ ಬಗ್ಗೆ ಮಾತಾಡುತ್ತಾರೆ. ಬಲ್ಬನ್ನು ಬದಲಿಸಬಹುದು, ತೋಳನ್ನು ಬದಲಿಸೋದು ಕಷ್ಟ.

ಮೊದಲ ಹೆಜ್ಜೆ: ನಿಮ್ಮ ಮೇಜನ್ನು ಅಳೆಯಿರಿ

ಲ್ಯಾಂಪ್ ನೋಡುವ ಮೊದಲು ನೀವು ಕೂರುವ ಜಾಗದಲ್ಲಿ ಕೂತು ಕೆಲಸ ಶುರು ಮಾಡಿ. ಕೈ ಎಲ್ಲಿ ಆಡುತ್ತದೋ ಅಲ್ಲಿ ಒಂದು ಕಾಗದ ಇಡಿ. ಲ್ಯಾಂಪ್ ಎಲ್ಲಿ ನಿಲ್ಲಬಹುದು ಅಂತ ನೋಡಿ, ಅಲ್ಲಿಂದ ಕಾಗದದ ನಡುವಿನವರೆಗೆ ಟೇಪ್ ಹಿಡಿಯಿರಿ. ಲ್ಯಾಂಪಿನ ತೋಳು ಕನಿಷ್ಠ ಅಷ್ಟು ದೂರ ಚಾಚಬೇಕು. ಮೇಜಿನ ಹಿಂದಿನ ಮೂಲೆಯಿಂದ ಅಳೆದರೆ ಸಾಮಾನ್ಯವಾಗಿ 50ರಿಂದ 70 ಸೆಂಟಿಮೀಟರ್ ಬರುತ್ತದೆ. ಚೆಂದ ಕಾಣುವ ಗಿಡ್ಡ ಲ್ಯಾಂಪುಗಳು ಎಷ್ಟೋ ಸಲ ಇಲ್ಲೇ ಸೋಲುತ್ತವೆ. ಅವು ಬೆಳಗುವುದು ತಮ್ಮ ಪಾದವನ್ನು.

ಎಷ್ಟು ಬೆಳಕು ಬೇಕು? ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲುಮೆನ್ ಬಿದ್ದರೆ ಅದು ಒಂದು ಲಕ್ಸ್. ಓದು ಬರಹದ ಕಚೇರಿ ಕೆಲಸಕ್ಕೆ ಯುರೋಪಿನ ಮಾನದಂಡ 500 ಲಕ್ಸ್ ಹೇಳುತ್ತದೆ, ತಾಂತ್ರಿಕ ಚಿತ್ರ ಬರೆಯಲು 750. ಇನ್ನೂ ಸಣ್ಣ ಬಿಡಿಭಾಗಗಳ ಕೆಲಸಕ್ಕೆ ಅದು 1000 ದಾಟುತ್ತದೆ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಹಾಗಾಗಿ ಅರವತ್ತು ದಾಟಿದವರಿಗೆ ಇಪ್ಪತ್ತರವರಿಗಿಂತ ಎಷ್ಟೋ ಜಾಸ್ತಿ ಬೆಳಕು ಬೇಕು. ಮನೆಯಲ್ಲಿ ಹಿರಿಯರಿಗೆ ಅಂತ ಕೊಳ್ಳುವುದಾದರೆ ನಿಮ್ಮ ಕಣ್ಣಿನಿಂದ ಅಂದಾಜು ಮಾಡಬೇಡಿ. ಅವರನ್ನೇ ಕೂರಿಸಿ ನೋಡಿ.

ಒಂದು ಸಣ್ಣ ಲೆಕ್ಕ. 60 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದದ ಮೇಜು ಅಂದರೆ 0.48 ಚದರ ಮೀಟರ್. 400 ಲುಮೆನ್ ಪೂರ್ತಿ ಅದರ ಮೇಲೇ ಬಿದ್ದರೆ ಸರಾಸರಿ 830 ಲಕ್ಸ್ ಆಯಿತು. ಅರ್ಧ ಅತ್ತಿತ್ತ ಹೋದರೂ 400 ಉಳಿಯುತ್ತದೆ. ಅದು ನಡುವೆ ಇನ್ನೂ ಜಾಸ್ತಿ ಇರುತ್ತದೆ. ಅಂದರೆ ಓದಲು ಭಾರೀ ಬಲ್ಬೇನೂ ಬೇಡ, ಬೆಳಕು ಸರಿಯಾದ ಕಡೆ ಬೀಳಬೇಕು ಅಷ್ಟೆ.

ಇನ್ನೊಂದು ವಿಷಯ ದೂರದ್ದು. ದೀಪದ ಮುಖ ಚಿಕ್ಕದಾಗಿದ್ದರೆ, ದೂರ ಎರಡರಷ್ಟಾದಾಗ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 40 ಸೆಂಟಿಮೀಟರ್‌ನಲ್ಲಿ 1000 ಲಕ್ಸ್ ಕೊಡುವ ದೀಪ 80 ಸೆಂಟಿಮೀಟರ್‌ಗೆ ಎತ್ತಿದರೆ 250 ಕೊಡುತ್ತದೆ. ಉದ್ದ ಪಟ್ಟಿಯಂತಹ ಎಲ್‌ಇಡಿ ದೀಪಗಳಲ್ಲಿ ಹತ್ತಿರದಲ್ಲಿ ಇಳಿತ ಇಷ್ಟು ಜೋರಾಗಿರುವುದಿಲ್ಲ. ಆದರೂ ಮಾತು ಅದೇ: ಬೆಳಕು ಸಾಲದು ಅನ್ನಿಸಿದರೆ ದೊಡ್ಡ ಬಲ್ಬ್ ಹುಡುಕುವ ಮೊದಲು ತಲೆಯನ್ನು ಒಂದು ಗೇಣು ಕೆಳಗೆ ಎಳೆಯಿರಿ. ಎಳೆಯಲು ಬರಬೇಕಾದರೆ ತೋಳು ಚೆನ್ನಾಗಿರಬೇಕು.

ಎರಡನೆಯ ಹೆಜ್ಜೆ: ತೋಳು ಮತ್ತು ಕೀಲು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಒಳ್ಳೆಯ ಲ್ಯಾಂಪಿಗೂ ಸುಮ್ನೆ ಲ್ಯಾಂಪಿಗೂ ವ್ಯತ್ಯಾಸ ಇರುವುದು ಇಲ್ಲೇ.

ಕೈಯನ್ನು ನೆಟ್ಟಗೆ ಮೇಲಕ್ಕೆತ್ತಿ ಅದರಲ್ಲಿ ಒಂದು ಚೊಂಬು ನೀರು ಹಿಡಿಯಿರಿ. ಕಷ್ಟವಿಲ್ಲ. ಈಗ ಕೈಯನ್ನು ಅಡ್ಡಕ್ಕೆ ಚಾಚಿ. ಅರ್ಧ ನಿಮಿಷಕ್ಕೆ ಭುಜ ಸೋತುಹೋಗುತ್ತದೆ. ಲ್ಯಾಂಪಿನ ಪಾಡೂ ಅದೇ. ತೋಳು ನೆಟ್ಟಗಿದ್ದಾಗ ತಲೆಯ ಭಾರ ಕೀಲನ್ನು ತಿರುಗಿಸುವುದಿಲ್ಲ, ಅಡ್ಡಕ್ಕೆ ಹೋದಷ್ಟೂ ಜಾಸ್ತಿ ಜಗ್ಗುತ್ತದೆ. ಈ ಜಗ್ಗಾಟವನ್ನು ಬರೀ ಸ್ಕ್ರೂ ಬಿಗಿಯಿಂದ ತಡೆದರೆ ಇವತ್ತಲ್ಲ ನಾಳೆ ಸಡಿಲವಾಗುತ್ತದೆ.

ಇದಕ್ಕೆ ಉತ್ತರ ಕಂಡುಕೊಂಡವರು ಇಂಗ್ಲೆಂಡಿನ ಜಾರ್ಜ್ ಕಾರ್ವರ್ಡಿನ್. ಅವರ ಕಸುಬು ದೀಪದ್ದಲ್ಲ, ಮೋಟಾರು ವಾಹನಗಳ ಸಸ್ಪೆನ್ಶನ್‌ದು, ಅಂದರೆ ಗಾಡಿಯ ಕುಲುಕಾಟ ತಡೆಯುವ ಸ್ಪ್ರಿಂಗ್ ವ್ಯವಸ್ಥೆಯದು. ಸ್ಪ್ರಿಂಗ್‌ಗಳ ಜತೆ ಆಡುತ್ತಾ, ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತೋಳೊಂದನ್ನು ರೂಪಿಸಿ 1932ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ತೋಳು ಅಡ್ಡಕ್ಕೆ ಬಾಗಿದಂತೆ ಭಾರದ ಜಗ್ಗು ಎಷ್ಟು ಏರುತ್ತದೋ, ಸ್ಪ್ರಿಂಗಿನ ಎಳೆತವೂ ಕೀಲಿನ ಮೇಲೆ ಅಷ್ಟೇ ಏರುವಂತೆ ಅವರು ಜೋಡಿಸಿದರು. ಎರಡೂ ಸಮ ಆದ ಮೇಲೆ ದೀಪಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಬೆರಳಲ್ಲಿ ತಳ್ಳಿದ ಕಡೆ ಹೋಗುತ್ತದೆ, ಬಿಟ್ಟ ಕಡೆ ನಿಲ್ಲುತ್ತದೆ. ಸ್ಪ್ರಿಂಗ್ ಮಾಡುತ್ತಿದ್ದ ಹರ್ಬರ್ಟ್ ಟೆರಿ ಕಂಪನಿ ಅದನ್ನು ಆಂಗಲ್‌ಪಾಯ್ಸ್ ಹೆಸರಲ್ಲಿ ತಯಾರಿಸಿತು. ಮೊದಲು ನಾಲ್ಕು ಸ್ಪ್ರಿಂಗ್ ಇತ್ತು. ಮನೆಗಳಿಗೆಂದು 1935ರಲ್ಲಿ ಬಂದ ಮಾದರಿಯಲ್ಲಿ ಮೂರೇ ಸಾಕಾಯಿತು. ಇವತ್ತು ಎಲ್ಲೆಲ್ಲೂ ಕಾಣುವ ಸ್ಪ್ರಿಂಗ್ ಲ್ಯಾಂಪುಗಳೆಲ್ಲ ಅದರ ಮೊಮ್ಮಕ್ಕಳು.

ಬೇರೆ ದಾರಿಗಳೂ ಇವೆ. ಜರ್ಮನಿಯ ರಿಚರ್ಡ್ ಸಾಪರ್ 1972ರಲ್ಲಿ ಆರ್ಟೆಮೀಡೆ ಕಂಪನಿಗೆ ಮಾಡಿಕೊಟ್ಟ ಟಿಜಿಯೊ ಲ್ಯಾಂಪಿನಲ್ಲಿ ಸ್ಪ್ರಿಂಗೇ ಇಲ್ಲ. ತೋಳಿನ ಇನ್ನೊಂದು ತುದಿಗೆ ತೂಕ ಕಟ್ಟಿ ತಕ್ಕಡಿಯ ಹಾಗೆ ತೂಗಿಸಿದ್ದಾರೆ. ಅದರಲ್ಲಿ ವೈರೂ ಕಾಣುವುದಿಲ್ಲ. ಕಡಿಮೆ ವೋಲ್ಟೇಜಿನ ಕರೆಂಟು ತೋಳಿನ ಲೋಹದಲ್ಲೇ ಹರಿಯುತ್ತದೆ. ಕರೆಂಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಪಾದದಲ್ಲಿ ಕೂತಿದೆ, ಅದರ ಭಾರವೇ ದೀಪ ಮಗುಚದಂತೆ ಹಿಡಿಯುತ್ತದೆ. ಇಂಥ ಜಾಣತನ ನೋಡಿದರೆ ಖುಷಿಯಾಗುತ್ತದೆ, ಅಲ್ವಾ? ಮಿಕೆಲೆ ದೆ ಲುಕ್ಕಿ ಮತ್ತು ಜಾನ್‌ಕಾರ್ಲೊ ಫಸ್ಸೀನಾ ಅವರ 1987ರ ಟೊಲೊಮೆಯೊ ಲ್ಯಾಂಪ್ ಮತ್ತೆ ಸ್ಪ್ರಿಂಗಿಗೇ ಮರಳಿತು. ಆದರೆ ತೋಳು ಅಲ್ಯೂಮಿನಿಯಂ, ಅದನ್ನು ಎಳೆದು ಹಿಡಿಯುವುದು ತೆಳ್ಳನೆಯ ಸ್ಟೀಲ್ ಕೇಬಲ್.

ಹಾವಿನಂತೆ ಬಳುಕುವ ಕತ್ತಿನ ಲ್ಯಾಂಪ್ ಅಗ್ಗ, ಸರಳ. ಚಿಕ್ಕ ತಲೆ, ಚಿಕ್ಕ ಕತ್ತು ಇದ್ದರೆ ತಕರಾರಿಲ್ಲ. ಕತ್ತು ಉದ್ದವಾದರೆ ಎರಡು ತೊಂದರೆ: ಮುಟ್ಟಿದರೆ ತೂಗಾಡುತ್ತದೆ, ಮತ್ತು ಒಂದೇ ಕಡೆ ಬಗ್ಗಿಸಿ ಬಗ್ಗಿಸಿ ಬಿಗಿ ಹೋಗುತ್ತದೆ. ಹೊಲಿಗೆ ಯಂತ್ರಕ್ಕೆ ನಾನು ಅದನ್ನೇ ಹೇಳುತ್ತೇನೆ, ಓದುವ ಮೇಜಿಗೆ ಹೇಳುವುದಿಲ್ಲ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ತೋಳನ್ನು ಪೂರ್ತಿ ಮೇಲೆತ್ತಿ ಕೈ ಬಿಡಿ. ಪೂರ್ತಿ ಅಡ್ಡಕ್ಕೆ ಚಾಚಿ ಕೈ ಬಿಡಿ. ಕೊನೆಗೆ ಮೇಜಿಗೆ ತಾಗುವಷ್ಟು ಕೆಳಗಿಳಿಸಿ ಬಿಡಿ. ಮೂರು ಕಡೆಯೂ ನಿಂತಲ್ಲೇ ನಿಲ್ಲಬೇಕು. ಅಡ್ಡಕ್ಕೆ ಚಾಚಿದ ಸ್ಥಿತಿಯಲ್ಲೇ ಬಿಟ್ಟು ಬೇರೆ ಏನಾದರೂ ನೋಡಿ ಬನ್ನಿ. ಐದು ನಿಮಿಷದ ನಂತರ ತಲೆ ಒಂದು ಬೆರಳಷ್ಟು ಇಳಿದಿದ್ದರೂ ಅದನ್ನು ಕೊಳ್ಳಬೇಡಿ. ಇಳಿಯದಿದ್ದರೆ ಒಂದೇ ಕೈಯಲ್ಲಿ ಅದನ್ನು ಆಡಿಸಿ ನೋಡಿ. ಒಂದು ಕೈಯಲ್ಲಿ ಪಾದ ಒತ್ತಿಹಿಡಿದು ಇನ್ನೊಂದರಲ್ಲಿ ತಲೆ ಎಳೆಯಬೇಕಾದರೆ, ಮನೆಗೆ ಬಂದ ಮೇಲೆ ನೀವು ಅದನ್ನು ಅಲುಗಾಡಿಸುವುದೇ ಇಲ್ಲ.

ಕೀಲಿನ ನಟ್ ಹೊರಗೆ ಕಾಣುತ್ತದೆಯೇ, ಕೈಯಲ್ಲೋ ಸ್ಕ್ರೂಡ್ರೈವರಿನಲ್ಲೋ ಬಿಗಿ ಮಾಡಬಹುದೇ ನೋಡಿ. ಲೋಹದ ಬೋಲ್ಟು, ನಡುವೆ ನೈಲಾನ್ ಅಥವಾ ಫೈಬರ್ ವಾಷರ್ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಕೊರೆದು ಕೂರಿಸಿದ್ದರೆ ನಾಲ್ಕು ಸಲ ಬಿಗಿ ಮಾಡುವಷ್ಟರಲ್ಲಿ ತೂತಿನೊಳಗಿನ ಸುತ್ತುಗೆರೆ ಸವೆದು ಸ್ಕ್ರೂ ಸುಮ್ನೆ ತಿರುಗುತ್ತದೆ. ಅಂಟಿಸಿ ಮುಚ್ಚಿದ ಕೀಲನ್ನು ಏನೂ ಮಾಡಲಾಗದು.

ಇನ್ನೊಂದು ಮಾತು. ಸ್ಪ್ರಿಂಗ್ ಲ್ಯಾಂಪನ್ನು ಒಂದು ನಿರ್ದಿಷ್ಟ ತಲೆ ಭಾರಕ್ಕೆ ಹೊಂದಿಸಿರುತ್ತಾರೆ. ಹಳೆಯ ಲ್ಯಾಂಪಿನಿಂದ ಹಗುರ ಗಾಜಿನ ಬಲ್ಬ್ ತೆಗೆದು ದಪ್ಪ ಎಲ್‌ಇಡಿ ಬಲ್ಬ್ ಹಾಕಿದಾಗ ತಲೆ ಬಾಗಿದರೆ ಸ್ಪ್ರಿಂಗನ್ನು ಬೈಯಬೇಡಿ. ಹಗುರ ಬಲ್ಬ್ ಹುಡುಕಿ.

ಮೂರನೆಯ ಹೆಜ್ಜೆ: ಪಾದ ಎಷ್ಟು ಭಾರ ಇರಬೇಕು

ಇದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಬಹುದು. ತಲೆ 400 ಗ್ರಾಂ, ಪಾದದ ನಡುವಿನಿಂದ 60 ಸೆಂಟಿಮೀಟರ್ ದೂರ ಚಾಚಿದೆ ಅನ್ನಿ. ಪಾದ ದುಂಡಗೆ, 18 ಸೆಂಟಿಮೀಟರ್ ಅಗಲ. ದೀಪ ಮಗುಚಿದರೆ ಪಾದದ ಅಂಚಿನ ಮೇಲೆ ಮಗುಚುತ್ತದೆ. ಅಂಚಿನಿಂದ ತಲೆಗೆ 51 ಸೆಂಟಿಮೀಟರ್, ಪಾದದ ನಡುವಿಗೆ 9. 51ನ್ನು 0.4ರಿಂದ ಗುಣಿಸಿ 9ರಿಂದ ಭಾಗಿಸಿದರೆ 2.27 ಕಿಲೊ. ಅಂದರೆ ಪಾದ ಇದಕ್ಕಿಂತ ಹಗುರವಾದರೆ ದೀಪ ಬೀಳುತ್ತದೆ. ತೋಳಿನ ಸ್ವಂತ ಭಾರ, ಕೈ ತಾಗುವುದು, ವೈರ್ ಎಳೆಯುವುದು ಎಲ್ಲ ಸೇರಿದರೆ 3 ಕಿಲೊ ಮೇಲಿರುವುದು ಕ್ಷೇಮ. ಅದೇ ಪಾದವನ್ನು 24 ಸೆಂಟಿಮೀಟರ್ ಅಗಲ ಮಾಡಿ, ಲೆಕ್ಕ 1.6 ಕಿಲೊಗೆ ಇಳಿಯುತ್ತದೆ. ಭಾರ ಬೇಡವಾದರೆ ಅಗಲ ಬೇಕು, ಎರಡೂ ಬೇಡ ಅಂದರೆ ಮೇಜಿಗೆ ಕ್ಲಾಂಪ್ ಹಾಕಬೇಕು.

ಎರಕದ ಕಬ್ಬಿಣ ಅಥವಾ ದಪ್ಪ ಸ್ಟೀಲ್ ತಟ್ಟೆ ಇದ್ದರೆ ಒಳ್ಳೆಯದು. ಪ್ಲಾಸ್ಟಿಕ್ ಟೊಳ್ಳಿನೊಳಗೆ ಸಿಮೆಂಟ್ ತುಂಬಿದ ಪಾದಗಳೂ ಬರುತ್ತವೆ, ಅವು ಕೆಟ್ಟವಲ್ಲ. ಬಿದ್ದರೆ ಮಾತ್ರ ಒಡೆದು ಗಲಗಲ ಅನ್ನುತ್ತವೆ. ಕ್ಲಾಂಪ್ ಕೊಳ್ಳುವುದಾದರೆ ಮೇಜಿನ ಹಲಗೆಯ ದಪ್ಪ ಅಳೆದುಕೊಂಡು ಹೋಗಿ. ಪಾರ್ಟಿಕಲ್ ಬೋರ್ಡ್ ಮೇಜಾದರೆ ಕ್ಲಾಂಪಿನ ಬಾಯಿಗೆ ಒಂದು ತುಂಡು ರಬ್ಬರ್ ಕೊಡಿ. ಇಲ್ಲದಿದ್ದರೆ ಅಂಚು ಕಿತ್ತು ಬರುತ್ತದೆ.

ನಾಲ್ಕನೆಯ ಹೆಜ್ಜೆ: ತಲೆ

ಎಲ್‌ಇಡಿ ಬಿಸಿಯಾಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಹಳೆಯ ತಂತಿ ಬಲ್ಬ್ ಬಿಸಿಯನ್ನು ಬೆಳಕಿನ ಜತೆಗೇ ಹೊರಗೆ ಚೆಲ್ಲುತ್ತಿತ್ತು. ಎಲ್‌ಇಡಿಯ ಬಿಸಿ ಬೆನ್ನಿನ ಕಡೆ ಉಳಿಯುತ್ತದೆ. ಅದನ್ನು ಯಾರಾದರೂ ಹೊತ್ತೊಯ್ಯಬೇಕು. ಅಲ್ಯೂಮಿನಿಯಂ ಸಾಮಾನ್ಯ ಪ್ಲಾಸ್ಟಿಕ್ಕಿಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ತಲೆ ಅಲ್ಯೂಮಿನಿಯಂ ಇರಲಿ, ಅಥವಾ ಎಲ್‌ಇಡಿ ಪಟ್ಟಿಯ ಹಿಂದೆ ಅಲ್ಯೂಮಿನಿಯಂ ತಟ್ಟೆಯಾದರೂ ಇರಲಿ. ದೀಪ ಅರ್ಧ ಗಂಟೆ ಉರಿದ ಮೇಲೆ ತಲೆಯ ಬೆನ್ನು ಮುಟ್ಟಿ. ಲೋಹ ಬೆಚ್ಚಗಿದ್ದರೆ ಗಾಬರಿ ಬೇಡ, ಶಾಖ ಹೊರಗೆ ಬರುತ್ತಿದೆ ಅಂತ ಅರ್ಥ. ಪ್ಲಾಸ್ಟಿಕ್ ತಲೆ ತಣ್ಣಗಿದ್ದರೆ ಶಾಖ ಒಳಗೇ ಕೂತು ಎಲ್‌ಇಡಿಯನ್ನು ಬೇಯಿಸುತ್ತಿರಬಹುದು. ಎಷ್ಟೋ ಲ್ಯಾಂಪುಗಳಲ್ಲಿ ಮೊದಲು ಸಾಯುವುದು ಎಲ್‌ಇಡಿಯೂ ಅಲ್ಲ, ಅದಕ್ಕೆ ಕರೆಂಟು ಕೊಡುವ ಡ್ರೈವರಿನ ಕೆಪಾಸಿಟರ್. ಅದರ ಶತ್ರುವೂ ಬಿಸಿಯೇ. ಡಬ್ಬದ ಮೇಲೆ ಎಲ್70 ಅಂತ ಗಂಟೆ ಬರೆದಿದ್ದರೆ, ಅಷ್ಟು ಹೊತ್ತು ಉರಿದ ಮೇಲೆ ಬೆಳಕು ಮೊದಲಿನ 70 ಶೇಕಡಾಕ್ಕೆ ಇಳಿದಿರುತ್ತದೆ ಅಂತ ಲೆಕ್ಕ.

ಬಲ್ಬ್ ಹಾಕುವ ಟೋಪಿಯಂತಹ ಶೇಡ್ ಆದರೆ ಒಳಗೆ ಮಾಸಲು ಬಿಳಿ ಬಣ್ಣ ಇರಲಿ. ಕನ್ನಡಿಯಂತೆ ಹೊಳೆಯುವ ಒಳಮೈ ಬೆಳಕನ್ನು ಗೆರೆ ಗೆರೆಯಾಗಿ ಎಸೆಯುತ್ತದೆ, ಪುಟದ ಮೇಲೆ ಉಂಗುರಗಳು ಕಾಣುತ್ತವೆ. ಶೇಡ್ ಆಳವಾಗಿರಲಿ, ಬಲ್ಬ್ ಹೊರಗೆ ಇಣುಕಬಾರದು.

ಎಲ್‌ಇಡಿ ಪಟ್ಟಿ ಇರುವ ಲ್ಯಾಂಪಿಗೆ ನನ್ನದೊಂದು ಪರೀಕ್ಷೆ ಇದೆ. ಬಿಳಿ ಹಾಳೆಯ ಮೇಲೆ ಎರಡು ಬೆರಳು ಎತ್ತರದಲ್ಲಿ ಪೆನ್ಸಿಲ್ ಹಿಡಿಯಿರಿ. ನೆರಳು ನೋಡಿ. ಮೆತ್ತನೆಯ ಅಂಚಿನ ಒಂದೇ ನೆರಳು ಬಿದ್ದರೆ ಸರಿ. ಬಾಚಣಿಗೆಯ ಹಲ್ಲಿನಂತೆ ನಾಲ್ಕೈದು ನೆರಳು ಪಕ್ಕಪಕ್ಕದಲ್ಲಿ ಬಿದ್ದರೆ ಎಲ್‌ಇಡಿಗಳ ಮುಂದೆ ಸರಿಯಾದ ಪರದೆ ಇಲ್ಲ. ಸೂಜಿಗೆ ದಾರ ಪೋಣಿಸುವಾಗ ಯಾವುದು ಸೂಜಿ, ಯಾವುದು ನೆರಳು ಅಂತ ಕಣ್ಣು ಹುಡುಕುತ್ತಾ ಕೂರಬೇಕಾಗುತ್ತದೆ.

ಹಾಲುಬಣ್ಣದ ಆ ಪರದೆ ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬೇಗ ಹಳದಿಯಾಗುವುದಿಲ್ಲ, ಆದರೆ ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿ ಆಳು, ಬಿಸಿಲು ಬೀಳುವ ಕಡೆ ಇಟ್ಟರೆ ಹಳದಿಗೆ ತಿರುಗುತ್ತದೆ. ಅಕ್ರಿಲಿಕ್ಕನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಮೈಮೇಲೆ ಸಣ್ಣ ಬಿರುಕು ಏಳುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಐದನೆಯ ಹೆಜ್ಜೆ: ಬಣ್ಣ ಮತ್ತು ಮಿಣುಕು

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700 ಕೆಲ್ವಿನ್ ಅಂದರೆ ಹಳದಿ ಬೆಳಕು, 4000 ನಡುವಿನದು, 6500 ಹಗಲಿನ ತಣ್ಣನೆ ಬಿಳಿ. ರಾತ್ರಿ ಓದಲು ನಾನು 3000ರ ಆಸುಪಾಸು ಇಡುತ್ತೇನೆ, ಹಗಲು ಕೆಲಸಕ್ಕೆ 4000. ಬಣ್ಣ ನೋಡುವ ಕೆಲಸ ನಿಮ್ಮದಾದರೆ, ಅಂದರೆ ಬಟ್ಟೆ, ಚಿತ್ರ, ದಾರ, ಆಗ ಕೆಲ್ವಿನ್‌ಗಿಂತ ಸಿಆರ್‌ಐ ಮುಖ್ಯ, ಅಂದರೆ ದೀಪದಡಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕಿ. ಅದು 90 ದಾಟಿರಲಿ. 80ರ ದೀಪದಡಿ ಕೆಂಪು ಮಂಕಾಗಿ ಕಂದಿಗೆ ತಿರುಗುತ್ತದೆ. ಕೆಂಪನ್ನು ಮಾತ್ರ ಅಳೆಯುವ ಆರ್9 ಅಂಕಿ ಕೊಟ್ಟಿದ್ದರೆ ಅದನ್ನೂ ನೋಡಿ. ಕೊಡದಿದ್ದರೆ ನಿಮ್ಮ ಅಂಗೈಯನ್ನೇ ದೀಪದಡಿ ಹಿಡಿಯಿರಿ. ಚರ್ಮ ಸತ್ತಂತೆ ಬೂದಿಬೂದಿ ಕಂಡರೆ ಆ ದೀಪ ಬೇಡ.

ಮಿಣುಕು ನೋಡಲು ಬೆಳಕನ್ನು ಅರ್ಧಕ್ಕೆ ಇಳಿಸಿ. ಬೆಳಕು ತಗ್ಗಿಸುವಾಗ ಕೆಲವು ಲ್ಯಾಂಪುಗಳು ಎಲ್‌ಇಡಿಯನ್ನು ವೇಗವಾಗಿ ಆರಿಸಿ ಹೊತ್ತಿಸಿ ಮಾಡುತ್ತವೆ, ತೊಂದರೆ ಗೊತ್ತಾಗುವುದು ಆಗಲೇ. ಪೆನ್ಸಿಲನ್ನು ದೀಪದಡಿ ಬೀಸಣಿಗೆಯಂತೆ ಜೋರಾಗಿ ಬೀಸಿ. ಮಸುಕು ಒಂದೇ ಸಮ ಕಂಡರೆ ಒಳ್ಳೆಯದು. ಬಿಡಿಬಿಡಿ ಪೆನ್ಸಿಲುಗಳು ಸಾಲಾಗಿ ಕಂಡರೆ ದೀಪ ಮಿಣುಕುತ್ತಿದೆ. ಫೋನಿನ ಸ್ಲೋಮೋಷನ್ ವಿಡಿಯೊದಲ್ಲೂ ಇದು ಕಾಣುತ್ತದೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ, ಕಾರಣ ಗೊತ್ತಾಗದೆ ಕನ್ನಡಕ ಬದಲಿಸುತ್ತಾರೆ.

ಆರನೆಯ ಹೆಜ್ಜೆ: ಇಡುವ ಜಾಗ

ಬರೆಯುವ ಕೈಯ ಎದುರು ಬದಿಗೆ ಇಡಿ. ಬಲಗೈಯವರಿಗೆ ಎಡಕ್ಕೆ, ಎಡಗೈಯವರಿಗೆ ಬಲಕ್ಕೆ. ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಶೇಡಿನ ಕೆಳ ಅಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ.

ನುಣುಪು ಕಾಗದ ಹೊಳೆದು ಅಕ್ಷರ ಮಾಯವಾಗುತ್ತದೆಯೇ? ಪುಟದ ಮೇಲೆ ಒಂದು ಸಣ್ಣ ಕನ್ನಡಿ ಇಟ್ಟು, ಕೂತಲ್ಲಿಂದಲೇ ನೋಡಿ. ಕನ್ನಡಿಯಲ್ಲಿ ದೀಪದ ಮುಖ ಕಂಡರೆ ಅದೇ ಹೊಳಪು ಕಾಗದದಲ್ಲೂ ಕಾಣುತ್ತದೆ. ದೀಪ ಕನ್ನಡಿಯಿಂದ ಮರೆಯಾಗುವವರೆಗೆ ಪಕ್ಕಕ್ಕೆ ಸರಿಸಿ. ಕಂಪ್ಯೂಟರ್ ಪರದೆಗೂ ಇದೇ ಉಪಾಯ. ಮತ್ತೆ ಕೋಣೆಯ ದೀಪ ಪೂರ್ತಿ ಆರಿಸಬೇಡಿ. ಕಗ್ಗತ್ತಲಲ್ಲಿ ಒಂದೇ ಪುಟ ಬೆಳಗಿದರೆ, ತಲೆ ಎತ್ತಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ಮುನ್ನೆಚ್ಚರಿಕೆ

ಮೈಯೆಲ್ಲ ಲೋಹ ಇದ್ದು ನೇರ ಕರೆಂಟಿಗೆ ಹಾಕುವ ಲ್ಯಾಂಪಿಗೆ ಅರ್ತಿಂಗ್ ಇರುವ ಪ್ಲಗ್ ಇರಬೇಕು, ಇಲ್ಲವೇ ಚೌಕದೊಳಗೊಂದು ಚೌಕದ ಗುರುತು ಇರಬೇಕು. ಆ ಗುರುತು ಅಂದರೆ ಎರಡು ಪದರ ರಕ್ಷಣೆ ಇದೆ ಅಂತ. ಎರಡೂ ಇಲ್ಲದಿದ್ದರೆ ಕೊಳ್ಳಬೇಡಿ. ಕೀಲಿನ ಹತ್ತಿರ ವೈರ್ ಚೂಪು ಲೋಹದ ಅಂಚಿಗೆ ಉಜ್ಜುತ್ತದೆಯೇ ಅಂತ ಬೆರಳಾಡಿಸಿ ನೋಡಿ. ತೂತಿಗೆ ರಬ್ಬರ್ ಬಳೆ ಇರಬೇಕು. ಶೇಡಿನೊಳಗೆ ಬರೆದ ವ್ಯಾಟ್ ಮಿತಿ ದಾಟಬೇಡಿ.

ಭೂತಗನ್ನಡಿ ಸೇರಿಸಿದ ಲ್ಯಾಂಪ್ ಕೊಳ್ಳುವವರಿಗೆ ಎರಡು ಮಾತು. ಮಸೂರದ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಹೇಳುತ್ತಾರೆ. 3 ಡಯಾಪ್ಟರ್ ಮಸೂರ ಸುಮಾರು 1.75 ಪಟ್ಟು ದೊಡ್ಡದು ಮಾಡುತ್ತದೆ, 5 ಡಯಾಪ್ಟರ್ 2.25 ಪಟ್ಟು. ಜಾಸ್ತಿ ದೊಡ್ಡದಾದಷ್ಟೂ ಕೈ ಆಡಲು ಜಾಗ ಕಡಿಮೆ, ಆದ್ದರಿಂದ ಮೊದಲ ಸಲಕ್ಕೆ 3 ಸಾಕು. ಕೆಲಸ ಮುಗಿದ ಕೂಡಲೇ ಮಸೂರದ ಮುಚ್ಚಳ ಹಾಕಿ. ಕಿಟಕಿಯ ಬಿಸಿಲು ಅದರ ಮೂಲಕ ಮೇಜಿನ ಮೇಲೆ ಒಂದೇ ಬಿಂದುವಿಗೆ ಬಿದ್ದರೆ ಕಾಗದ ಹೊತ್ತಿಕೊಳ್ಳಬಹುದು.

ಕೀಲು ಸಡಿಲವಾದರೆ

ನಟ್ ಕಾಲು ಸುತ್ತು ಬಿಗಿ ಮಾಡಿ. ಕಿರುಗುಟ್ಟುತ್ತದೆ ಅಂತ ಎಣ್ಣೆ ಮಾತ್ರ ಹಾಕಬೇಡಿ. ಉಜ್ಜಾಟದಿಂದ ನಿಲ್ಲುವ ಕೀಲಿಗೆ ಎಣ್ಣೆ ಬಿದ್ದರೆ ಅದು ನಿಲ್ಲುವುದೇ ಇಲ್ಲ. ನಾನು ನನ್ನ ಮೊದಲ ಲ್ಯಾಂಪಿಗೆ ಮಾಡಿದ್ದು ಇದನ್ನೇ. ಎಣ್ಣೆ ಹಾಕಿದ ದಿನದಿಂದ ಅದು ಹತ್ತು ನಿಮಿಷವೂ ಕಾಯಲಿಲ್ಲ. ಕೊನೆಗೆ ಬೋಲ್ಟ್ ಬಿಚ್ಚಿ, ಜಿಡ್ಡು ಒರೆಸಿ, ಸವೆದ ವಾಷರ್ ತೆಗೆದು, ಮುರಿದ ನಲ್ಲಿಯೊಂದರಿಂದ ಬಿಚ್ಚಿಟ್ಟಿದ್ದ ಫೈಬರ್ ವಾಷರ್ ಕೂರಿಸಿದೆ. ಆ ಲ್ಯಾಂಪ್ ಈಗಲೂ ಹೊಲಿಗೆ ಯಂತ್ರದ ಪಕ್ಕದಲ್ಲಿದೆ, ತಲೆ ಎತ್ತಿಕೊಂಡೇ ಇದೆ.